ಮೀಸಲು ಬಿಟ್ಟ ಕುದುರೆ

ಕಸ್ತೂರಿಯ ಎಡ ಮುಂಗಾಲು ಊದಿಕೊಂಡಿದ್ದನ್ನು ಮೊದಲು ಕಂಡವನು ಚಿಕ್ಕಬೀರಪ್ಪ. ಯುಗಾದಿ ಕಳೆದು ನಾಲ್ಕನೆಯ ದಿನ. ಬೆಳಗಿನ ಹುಲ್ಲು ಹಾಕಲು ಲಾಯಕ್ಕೆ ಹೋದಾಗ ಅವಳು ಕಾಲನ್ನು ಊರಿಯೂ ಊರದಂತೆ ನಿಂತಿದ್ದಳು. ಕಸ್ತೂರಿ ಹೆಣ್ಣು ಕುದುರೆ. ಆ ಫಾರಮ್ಮಿನಲ್ಲಿ ಯಾರೂ ಅವಳನ್ನು ‘ಅದು’ ಅನ್ನುತ್ತಿರಲಿಲ್ಲ. ಬೀರಪ್ಪ ಕುಕ್ಕರುಗಾಲಲ್ಲಿ ಕೂತು ಕೈಯಿಟ್ಟು ನೋಡಿದ. ಮೊಣಕಾಲಿನ ಕೆಳಗೆ, ಹಿಂಬದಿಯ ನರ ಬಿಲ್ಲಿನ ಹಾಗೆ ಬಾಗಿ ಉಬ್ಬಿತ್ತು. ಉರಿಯುವ ಒಲೆಯ ಪಕ್ಕದ ಗೋಡೆಯಷ್ಟು ಬಿಸಿ. ಹಿಂದಿನ ಸಂಜೆ ಅಡ್ಡಗಂಬ ಹಾರುವಾಗ ಅವಳು ಒಂದು ಸಲ ಮುಗ್ಗರಿಸಿದ್ದು ಆಗ ನೆನಪಾಯಿತು.

ಆವತಿಗೆ ಎರಡು ಮೈಲಿ ಈಚೆ, ಒಂದು ಕಾಲಕ್ಕೆ ದ್ರಾಕ್ಷಿ ತೋಟವಾಗಿದ್ದ ಜಾಗದಲ್ಲಿ ಆ ಫಾರಂ ಇತ್ತು. ತೋಟದ ಯಜಮಾನ ರಾಮಾಂಜಿನಪ್ಪನ ಮಗಳು ಆಶಾರಾಣಿ ಚಪ್ಪರದ ಕಲ್ಲುಕಂಬಗಳನ್ನು ಕೀಳಿಸಿ, ರೇಸಿನಿಂದ ನಿವೃತ್ತಿಯಾದ ಏಳು ಕುದುರೆಗಳನ್ನು ತಂದು ಕಟ್ಟಿ, ಊರವರಿಗೂ ಬೆಂಗಳೂರಿನವರಿಗೂ ಸವಾರಿ ಕಲಿಸುತ್ತಿದ್ದಳು. ಏರ್‌ಪೋರ್ಟು ಶುರುವಾಗಿ ಏಳೆಂಟು ವರ್ಷವಾಗಿತ್ತು. ತಲೆಯ ಮೇಲೆ ವಿಮಾನ ಹೋದರೆ ಕುದುರೆಗಳು ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಚಿಕ್ಕಬೀರಪ್ಪ ಅದಕ್ಕೂ ಮುಂಚೆ ಕುರಿ ಮೇಯಿಸುತ್ತಿದ್ದವನು. ಹುಲ್ಲುಗಾವಲುಗಳು ಸೈಟುಗಳಾದ ಮೇಲೆ ಮಂದೆ ಮಾರಿ ಇಲ್ಲಿಗೆ ಸೇರಿದ್ದ. ಪ್ರಾಣಿ ಬೇರೆಯಾದರೂ ಅದರ ಉಸಿರು ಓದುವ ವಿದ್ಯೆ ಒಂದೇ ಅಂತ ಅವನ ನಂಬಿಕೆ. ಏಳರಲ್ಲಿ ಕಸ್ತೂರಿ ಅಂದರೆ ಅವನಿಗೆ ಒಂದು ಹಿಡಿ ಹೆಚ್ಚು.

ಅವತ್ತು ಮಧ್ಯಾಹ್ನ ಆಶಾರಾಣಿ ಲಾಯದ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು. “ಬೀರಪ್ಪಣ್ಣ, ಈ ಕಾಲು ಕೂಡದೇ ಹೋದ್ರೆ ಇವಳನ್ನ ಇಟ್ಕೊಂಡು ಏನ್ ಮಾಡ್ಲಿ. ಮದುವೆ ಮೆರವಣಿಗೆಗೆ ಕುದುರೆ ಬೇಕು ಅಂತ ಸಿಟಿಯವನೊಬ್ಬ ಆಗಾಗ ಫೋನ್ ಮಾಡ್ತಾನೇ ಇರ್ತಾನೆ.”

ಬೀರಪ್ಪನ ಕಣ್ಣಿಗೆ ಕಟ್ಟಿತು: ಈ ಕಾಲಿನ ಮೇಲೆ, ಡಾಂಬರು ರಸ್ತೆಯಲ್ಲಿ, ಬ್ಯಾಂಡಿನ ಸದ್ದಿನ ನಡುವೆ, ಬೆನ್ನ ಮೇಲೆ ಮದುಮಗನನ್ನು ಹೊತ್ತ ಕಸ್ತೂರಿ. ಆರು ತಿಂಗಳೂ ಉಳಿಯುವುದಿಲ್ಲ.

ಆಶಾರಾಣಿ ಮನೆ ಕಡೆ ಹೋದ ಮೇಲೆ ಅವನು ಜೇಬಿನಿಂದ ಭಂಡಾರದ ಪೊಟ್ಟಣ ತೆಗೆದ. ಬೀರೇದೇವರ ಗುಡಿಯ ಅರಿಶಿನ ಅದು, ಯಾವಾಗಲೂ ಅವನ ಜೊತೆಗೇ ಇರುವುದು. ಒಂದು ಚಿಟಿಕೆ ಎತ್ತಿ ಕಸ್ತೂರಿಯ ಜೂಲಿನ ಬುಡಕ್ಕೆ ಒತ್ತಿದ. ‘ಸ್ವಾಮಿ, ಇವಳ ಕಾಲು ನಿಲ್ಲಿಸು. ಇವಳನ್ನ ನಿನ್ನ ಹೆಸರಿಗೆ ಮೀಸಲು ಬಿಟ್ಟಿದೀನಿ’ ಅಂದುಕೊಂಡ.

ಅವನ ಮನೆತನದಲ್ಲಿ ಮಂದೆಯ ಒಂದು ಕುರಿಯನ್ನು ಹೀಗೆ ಮೀಸಲು ಬಿಡುವುದು ವಾಡಿಕೆ. ಮೀಸಲು ಬಿಟ್ಟ ಕುರಿಯ ಉಣ್ಣೆ ಕತ್ತರಿಸುವಂತಿಲ್ಲ, ಕಿವಿ ಚುಚ್ಚುವಂತಿಲ್ಲ, ಬರೆ ಎಳೆಯುವಂತಿಲ್ಲ. ಅದರ ಮೈಗೆ ಕಬ್ಬಿಣ ಸೋಕಬಾರದು, ಅದರ ರಕ್ತ ನೆಲಕ್ಕೆ ಬೀಳಬಾರದು. ಅವನ ಅಪ್ಪ ಬಿಟ್ಟಿದ್ದ ಒಂದು ಮೀಸಲು ಕುರಿ ಹನ್ನೊಂದು ವರ್ಷ ಬದುಕಿ, ಉಣ್ಣೆಯ ಭಾರಕ್ಕೆ ಕಂಬಳಿ ಹೊದ್ದ ಮುದುಕಿಯ ಹಾಗೆ ನಡೆಯುತ್ತಿತ್ತು. ಕುದುರೆಯನ್ನು ಮೀಸಲು ಬಿಟ್ಟವರನ್ನು ಬೀರಪ್ಪ ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಆದರೆ ದೇವರು ಪ್ರಾಣಿಯ ಜಾತಿ ನೋಡುತ್ತಾನೆಯೇ ಅನ್ನಿಸಿತು. ಯಾರಿಗೂ ಹೇಳಲಿಲ್ಲ.

ಎರಡು ದಿನ ಬಿಟ್ಟು ಡಾಕ್ಟರು ರವಿಚಂದ್ರ ಬಂದರು. ಕುದುರೆಗಳಿಗೆಂದೇ ಓದಿದ ಡಾಕ್ಟರು. ಕಾಲಿನ ಕೂದಲಿಗೆ ನೀರಿನಂಥ ಅಂಟು ಸವರಿ, ಸ್ಕ್ಯಾನು ಮಿಷನ್ನಿನ ಪರದೆಯನ್ನು ಆಶಾರಾಣಿಗೂ ಬೀರಪ್ಪನಿಗೂ ಕಾಣುವ ಹಾಗೆ ತಿರುಗಿಸಿದರು. ಬೂದು ಬಣ್ಣದ ಪಟ್ಟಿಯ ನಟ್ಟನಡುವೆ ಕರ್ರಗೆ ಒಂದು ತೂತು.

“ಟೆಂಡನ್ ಒಳಗಡೆ ಹರಿದುಹೋಗಿದೆ. ತಾನಾಗೇ ಕೂಡುತ್ತೆ. ಆದ್ರೆ ಕೂಡಿದ ಜಾಗದಲ್ಲಿ ಗಾಯದ ಕಲೆ ಥರ ಗಡುಸಾದ ಮಾಂಸ ಬೆಳೆಯುತ್ತೆ. ಓಡಿದ್ರೆ ಮತ್ತೆ ಹರಿಯುತ್ತೆ.”

“ಬರೆ ಹಾಕಿದ್ರೆ ಸಾರ್?” ಅಂದ ಬೀರಪ್ಪ. ತಾನು ಮೀಸಲು ಬಿಟ್ಟವಳಿಗೆ ಬರೆ ಹಾಕಿಸುವ ಉದ್ದೇಶ ಅವನಿಗೆ ಇರಲಿಲ್ಲ. ಡಾಕ್ಟರು ಏನಂತಾರೆ ನೋಡೋಣ ಅಂತ ಕೇಳಿದ.

“ಬರೆ ಹಾಕಿದ್ರೆ ಇನ್ನೊಂದು ಗಾಯ ಆಗುತ್ತೆ ಅಷ್ಟೇ. ಈಗ ಬೇರೆ ದಾರಿ ಇದೆ. ಇವಳ ಎದೆಮೂಳೆ ಒಳಗಿನ ಮಜ್ಜೆ ಸ್ವಲ್ಪ ತೆಗೀತೀವಿ. ಅದರಲ್ಲಿ ಸ್ಟೆಮ್ ಸೆಲ್ ಅಂತ ಇರುತ್ತೆ, ಹರಿದಿದ್ದನ್ನ ಕಟ್ಟೋ ಕಣಗಳು. ಲ್ಯಾಬಿನಲ್ಲಿ ಮೂರು ವಾರ ಬೆಳೆಸ್ತಾರೆ. ವಾಪಸು ತಂದು ಈ ತೂತಿನೊಳಕ್ಕೇ ಚುಚ್ಚಿ ಬಿಡ್ತೀವಿ. ಒಂದು ಚಮಚ ಹೆಪ್ಪು ತಗೊಂಡು ಹೋಗಿ ಮಡಿಕೆ ಮೊಸರು ಮಾಡ್ಕೊಂಡು ಬಂದ ಹಾಗೆ ಅಂದ್ಕೊಳ್ಳಿ. ಸರಿಹೋಗುತ್ತೆ ಅಂತ ಬಾಂಡ್ ಬರ್ಕೊಡೋಕಾಗಲ್ಲ. ಆದ್ರೆ ಸಾಧ್ಯತೆ ಚೆನ್ನಾಗಿದೆ.”

ಆಶಾರಾಣಿ ಒಪ್ಪಿದಳು. ಬೀರಪ್ಪ ಒಪ್ಪಲಿಲ್ಲ, ಅವನನ್ನು ಯಾರೂ ಕೇಳಲೂ ಇಲ್ಲ. ಚೂರೇ ಚೂರು ತೆಗೆದುಕೊಂಡು ಹೋಗುವವರನ್ನು ಅವನು ಮೊದಲೂ ನೋಡಿದ್ದ. ಊರ ಹೊರಗಿನ ಬಯಲಿಗೆ ಜೀಪಿನಲ್ಲಿ ಬಂದವರು ನೆಲಕ್ಕೆ ಕೊಳವೆ ಇಳಿಸಿ, ಪುಟ್ಟ ಚೀಲಗಳಲ್ಲಿ ಮಣ್ಣು ತುಂಬಿಕೊಂಡು, ಮೇಲೆ ಚೀಟಿ ಅಂಟಿಸಿಕೊಂಡು ಹೋಗಿದ್ದರು. ಒಂದು ಹಿಡಿ ಮಣ್ಣು ತಾನೇ ಅಂತ ಊರವರು ಮಜ್ಜಿಗೆ ಕೊಟ್ಟು ಕಳಿಸಿದ್ದರು. ಆ ಮಣ್ಣು ವಾಪಸು ಬರಲಿಲ್ಲ, ಬಂದದ್ದು ನೋಟಿಸು. ಕುರಿ ಮೇಯುತ್ತಿದ್ದ ಆ ಬಯಲಿಗೆ ಆಮೇಲೆ ಬೇಲಿ ಬಿತ್ತು. ಈಗ ಮಜ್ಜೆ. ಮೂರು ವಾರ ಅದು ಎಲ್ಲಿರುತ್ತದೆ, ಯಾರ ಕೈಯಲ್ಲಿರುತ್ತದೆ, ಯಾವ ಸಾಹುಕಾರನ ರೇಸು ಕುದುರೆಗೆ ಹೋಗುತ್ತದೆ, ಶೀಶೆಯಲ್ಲಿ ವಾಪಸು ಬರುವುದು ಏನು? ನೀರು ತಂದು ಇದೇ ಅದು ಅಂದರೂ ನೋಡಿ ಗುರುತು ಹಿಡಿಯುವವರು ಯಾರು?

ಇದೆಲ್ಲಕ್ಕಿಂತ ಅವನನ್ನು ಕಾಡಿದ್ದು ಸೂಜಿ. ಎದೆಯ ಕೂದಲು ಬೋಳಿಸಿ, ಮೂಳೆಯವರೆಗೂ ಕಬ್ಬಿಣ ಇಳಿಸುತ್ತಾರೆ. ಮೀಸಲು ಮುರಿಯುತ್ತದೆ. ಮೀಸಲು ಮುರಿದರೆ ದೇವರು ಕಾಲನ್ನು ಯಾಕೆ ನಿಲ್ಲಿಸುತ್ತಾನೆ?

ಮಜ್ಜೆ ತೆಗೆಯಲು ಬಂದದ್ದು ರವಿಚಂದ್ರ ಅಲ್ಲ, ಅವರ ಕೈಕೆಳಗಿನ ಹೊಸ ಡಾಕ್ಟರು ಹರ್ಷಿತ. ಅವಳು ಆ ಫಾರಮ್ಮಿಗೆ ಬರುತ್ತಿದ್ದದ್ದು ಅದೇ ಮೊದಲು. ಆಶಾರಾಣಿ ಬ್ಯಾಂಕಿನ ಕೆಲಸ ಅಂತ ದೇವನಹಳ್ಳಿಗೆ ಹೋಗಿದ್ದಳು. ರವಿಚಂದ್ರರೂ ಆಶಾರಾಣಿಯೂ ಇರುವುದಿಲ್ಲ ಅಂತ ಹಿಂದಿನ ದಿನವೇ ತಿಳಿದಾಗ ಬೀರಪ್ಪನ ತಲೆಯಲ್ಲಿ ಒಂದು ಯೋಚನೆ ಹೊಕ್ಕಿತ್ತು. ಬೆಳಗಾಗುವ ಹೊತ್ತಿಗೆ ಅದು ಯೋಚನೆಯಾಗಿ ಉಳಿದಿರಲಿಲ್ಲ.

ಪಕ್ಕದ ಅಂಕಣದಲ್ಲಿ ಮಲ್ಲಿಗೆ ಅನ್ನುವ ಇನ್ನೊಂದು ಹೆಣ್ಣು ಕುದುರೆ ಇದ್ದಳು. ಕಸ್ತೂರಿಯ ಹಾಗೆಯೇ ಕಂದು ಮೈ, ಕರಿ ಜೂಲು, ಹಣೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ. ಕತ್ತಿನ ಸುಳಿ ನೋಡಿದರೆ ಮಾತ್ರ ವ್ಯತ್ಯಾಸ: ಮಲ್ಲಿಗೆಯದು ಬಲಕ್ಕೆ ಸುತ್ತುತ್ತದೆ, ಕಸ್ತೂರಿಯದು ಎಡಕ್ಕೆ. ಬೀರಪ್ಪ ಮಲ್ಲಿಗೆಯ ಎರಡೂ ಮುಂಗಾಲಿಗೆ ದಪ್ಪನೆಯ ಬಟ್ಟೆ ಸುತ್ತಿ ಹೊರಗೆ ತಂದು ನಿಲ್ಲಿಸಿದ.

“ಇವಳೇನಾ ಕಸ್ತೂರಿ?” ಅಂದಳು ಹರ್ಷಿತ.

“ಹೂಂ ಕಣವ್ವ.”

“ಕಾಲು ಬಿಚ್ಚಿ ಒಂದ್ಸಲ ನೋಡ್ಲಾ?”

“ಈಗ ತಾನೇ ಕಟ್ಟಿದೀನಿ. ಬಿಚ್ಚಿದ್ರೆ ಮತ್ತೆ ಊದ್ಕೊಂತದೆ.”

“ಹೋಗ್ಲಿ ಬಿಡಿ, ಸಾರ್ ಸ್ಕ್ಯಾನ್ ಮಾಡಿದಾರಲ್ಲ. ನೀವಿದೀರಲ್ಲ ಬೀರಪ್ಪೋರೇ, ಗಟ್ಟಿಯಾಗಿ ಹಿಡ್ಕೊಳ್ಳಿ.”

ಮಂಪರಿನ ಚುಚ್ಚುಮದ್ದಿಗೆ ಮಲ್ಲಿಗೆಯ ತಲೆ ಜೋತುಬಿತ್ತು. ಹರ್ಷಿತ ಮುಂಗಾಲುಗಳ ನಡುವೆ ಅಂಗೈಯಗಲ ಕೂದಲು ಬೋಳಿಸಿ, ನೋವು ತಿಳಿಯದ ಮದ್ದು ಕೊಟ್ಟು, ಗೋಣಿದಬ್ಬಳದಂಥ ಸೂಜಿಯನ್ನು ತಿರುವುತ್ತಾ ಮೂಳೆಯೊಳಕ್ಕೆ ಇಳಿಸಿದಳು. ಗಾಢ ಕೆಂಪಿನ ಮಜ್ಜೆ ಕೊಳವೆಗೆ ಏರಿತು. ಅವಳ ಕೈ ನಿಧಾನವಾಗಿತ್ತು, ಪೂಜೆಗೆ ಹೂ ಬಿಡಿಸುವವರ ಹಾಗೆ. ಅದನ್ನು ನೋಡಿ ಬೀರಪ್ಪನಿಗೆ ಒಂದು ಗಳಿಗೆ ನಾಚಿಕೆಯಾಯಿತು. ಕೊಳವೆಗಳ ಮೇಲೆ ಅವಳು ದುಂಡಗೆ ‘ಕಸ್ತೂರಿ’ ಅಂತ ಬರೆದು, ಐಸು ಡಬ್ಬಿಯಲ್ಲಿಟ್ಟುಕೊಂಡು ಹೊರಟಳು.

ಅವಳ ಕಾರು ಗೇಟು ದಾಟಿದ ಮೇಲೆಯೇ ಬೀರಪ್ಪನಿಗೆ ಹೊಳೆದದ್ದು. ಬೋಳು ಗುರುತು ಮಲ್ಲಿಗೆಯ ಎದೆಯ ಮೇಲಿದೆ. ಕಸ್ತೂರಿಯ ಎದೆ ನುಣ್ಣಗೆ ತುಂಬಿಕೊಂಡಿದೆ. ಆಶಾರಾಣಿ ಬಂದು ನೋಡಿದರೆ?

ಜೀನು ಇಡುವ ಕೋಣೆಯಲ್ಲಿ ಕೂದಲು ಕತ್ತರಿಸುವ ಮಿಷನ್ನು ಇತ್ತು. ಅದನ್ನು ತಂದ. ಕಸ್ತೂರಿ ಅವನ ಭುಜವನ್ನು ಮೂಸಿದಳು, ದಿನವೂ ಮೂಸುವ ಹಾಗೆ. ಅಂಗೈಯಗಲ ಬೋಳಿಸಿದ. ಉದುರಿದ ಕಂದು ಕೂದಲು ಕೈತುಂಬ ಬಂದಾಗ ಅವನು ಅದನ್ನೇ ನೋಡುತ್ತ ನಿಂತ. ಕಬ್ಬಿಣ ಸೋಕಬಾರದು ಅಂತ ಇಷ್ಟೆಲ್ಲ ಮಾಡಿದವನು ತಾನೇ ಕಬ್ಬಿಣ ಸೋಕಿಸಿದ್ದ. ರಕ್ತ ಬರಲಿಲ್ಲವಲ್ಲ ಅಂತ ತನಗೆ ತಾನೇ ಹೇಳಿಕೊಂಡ. ಆ ಮಾತು ದೇವರ ಮುಂದೆ ಹೇಳುವಂಥದ್ದಲ್ಲ ಅಂತ ಅವನಿಗೇ ಗೊತ್ತಿತ್ತು. ಕೂದಲನ್ನು ಹುಲ್ಲಿನ ಮೆದೆಯ ಹಿಂದೆ ಹೂತ.

ಮಾರನೆಯ ದಿನ ಆಶಾರಾಣಿ ಎರಡು ಕುದುರೆಗಳನ್ನೂ ನೋಡಿದಳು.

“ಮಲ್ಲಿಗೆಗೆ ಯಾಕೆ ಬೋಳಿಸಿದ್ದು?”

“ತುರಿಕೆ ಆಗಿತ್ತು ಅಮ್ಮಾವ್ರೆ. ಮುಲಾಮು ಹಚ್ಚೋಕೆ ಅಂತ.”

ಅವಳು ತಲೆ ಆಡಿಸಿ ಕಸ್ತೂರಿಯ ಎದೆಯ ಬಳಿ ಬಾಗಿದಳು. ಬಹಳ ಹೊತ್ತು ಬೆರಳಾಡಿಸಿದಳು. “ಸೂಜಿ ಇಳಿಸಿದ ಗುರುತೇ ಇಲ್ಲ ಇಲ್ಲಿ.”

ಬೀರಪ್ಪ ನೀರಿನ ತೊಟ್ಟಿಯ ಕಡೆ ತಿರುಗಿದ.

“ನೀನು ನಿಂತು ನೋಡಿದ್ಯಾ ಬೀರಪ್ಪಣ್ಣ? ರಕ್ತ ಬಂತಾ?”

“ಬಂತು.”

“ನಿನ್ನ ಕಣ್ಣಾರೆ ಕಂಡ್ಯಾ?”

“ಕಣ್ಣಾರೆ ಕಂಡೆ.”

ಹೇಳಿದ್ದು ನಿಜವೇ. ಆದರೂ ಅವಳ ಹುಬ್ಬಿನ ಗಂಟು ಸಡಿಲಲಿಲ್ಲ. “ಕೂದಲು ಬೋಳಿಸಿ, ಕತ್ತಿನ ನರದಿಂದ ಒಂದಿಷ್ಟು ರಕ್ತ ತುಂಬ್ಕೊಂಡು ಹೋದಳೋ ಏನೋ ಆ ಹುಡುಗಿ. ಎದೆಮೂಳೆಗೆ ಇಳಿಸೋಕೆ ಧೈರ್ಯ ಬಂದಿರಲ್ಲ, ಹೊಸಬಳು. ಲ್ಯಾಬಿನವರೂ ಇವರೂ ಒಂದೇ ಅಂದ್ರೆ ಯಾರನ್ನ ಕೇಳೋದು” ಅಂದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ.

ತನ್ನ ಅನುಮಾನ ಇನ್ನೊಬ್ಬರ ಬಾಯಲ್ಲಿ ಬಂದದ್ದು ಕೇಳಿ ಬೀರಪ್ಪನಿಗೆ ಹಿತವಾಗಬೇಕಿತ್ತು. ಆಗಲಿಲ್ಲ. ಆ ದುಂಡನೆಯ ಅಕ್ಷರ ಕಣ್ಣಮುಂದೆ ಬಂತು.

ಮೂರು ವಾರ ಕಳೆಯುವುದು ಕಷ್ಟವಾಯಿತು. ಕಸ್ತೂರಿ ಲಾಯದಿಂದ ಹೊರಗೆ ಕಾಲಿಡುವಂತಿಲ್ಲ; ದಿನಕ್ಕೆ ಮೂರು ಹೊತ್ತು ಕಾಲಿಗೆ ತಣ್ಣೀರು, ಆಮೇಲೆ ಪಟ್ಟಿ. ಉಬ್ಬು ಸ್ವಲ್ಪ ಇಳಿಯಿತು. ಇದು ದೇವರು ಮಾಡಿದ್ದೋ ತಣ್ಣೀರು ಮಾಡಿದ್ದೋ ಅಂತ ಬೀರಪ್ಪ ನೋಡಿಯೇ ನೋಡಿದ. ಸೋಮವಾರ ಗುಡಿಗೆ ಹೊರಟವನು ಅರ್ಧ ದಾರಿಗೆ ವಾಪಸು ಬಂದ.

ಹೆಂಡತಿ ಮುನಿರತ್ನಮ್ಮ ಅದನ್ನು ಗಮನಿಸಿದಳು. ರಾಗಿ ಕೇರುತ್ತಾ, ತಲೆ ಎತ್ತದೆ ಕೇಳಿದಳು. “ಮುದ್ದೆ ಅರ್ಧಕ್ಕೆ ಬಿಡ್ತೀಯ. ಗುಡಿ ಅರ್ಧಕ್ಕೆ ಬಿಡ್ತೀಯ. ಏನ್ ಕದ್ದಿದೀಯ ಹೇಳು.”

“ಕದಿಯೋದೇನೇ. ಹರಕೆ ಒಂದು ಹೊತ್ಕೊಂಡಿದೀನಿ.”

“ಏನ್ ಹರಕೆ?”

“ಕಸ್ತೂರಿನ ಸ್ವಾಮಿಗೆ ಮೀಸಲು ಬಿಟ್ಟೆ.”

ಮೊರ ನಿಂತಿತು. “ಕಸ್ತೂರಿ ನಿಂದಾ?”

ಬೀರಪ್ಪ ನೆಲಕ್ಕೆ ಚೆಲ್ಲಿದ ರಾಗಿ ಕಾಳು ಆರಿಸತೊಡಗಿದ.

“ಅಲ್ಲ, ನಿಮ್ಮಪ್ಪ ಕೊಡ್ಸಿದ್ನಾ, ನಮ್ಮಪ್ಪ ಬಳುವಳಿ ಕೊಟ್ನಾ? ಪಕ್ಕದ ಮನೆ ಕೋಳಿ ಹಿಡ್ಕೊಂಡ್ ಹೋಗಿ ನಿನ್ನ ಹರಕೆ ತೀರ್ಸ್ದಂಗಾಯ್ತು. ದೇವ್ರೇನು ಕಣ್ಮುಚ್ಕೊಂಡು ತಗೊಂಡ್ಬಿಡ್ತಾನಾ? ಯಾರ್ದಪ್ಪಾ ಇದು ಅಂತ ಒಂದ್ ಮಾತು ಕೇಳಲ್ವಾ?”

“ಒಳ್ಳೇದಾಗ್ಲಿ ಅಂತ ತಾನೇ ಬಿಟ್ಟಿದ್ದು.”

“ಹಂಗಾದ್ರೆ ಯಾಕೆ ಊಟ ಸೇರ್ತಿಲ್ಲ? ಇನ್ನೂ ಏನೋ ಐತೆ ನಿನ್ ಹೊಟ್ಟೇಲಿ.”

ಇತ್ತು. ಅವನು ಹೇಳಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ. ಆದರೆ ಅವತ್ತಿನಿಂದ ಅವನು ಕೈ ತೊಳೆಯುವಾಗ, ಅಂಗಿ ಬಿಚ್ಚುವಾಗ, ಅವಳ ಕಣ್ಣು ಅವನ ಮೇಲೆ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿತ್ತು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಹತ್ತಕ್ಕೆ ರವಿಚಂದ್ರ ಮತ್ತು ಹರ್ಷಿತ ಬಂದರು. ಹಾಲಿನ ಕ್ಯಾನಿನಂಥ ಒಂದು ಪಾತ್ರೆಯ ಮುಚ್ಚಳ ತೆಗೆದರೆ ಬಿಳಿ ಹೊಗೆ ಚೆಲ್ಲಿ ನೆಲದ ಮೇಲೆ ಹರಿಯಿತು. ಒಳಗಿನಿಂದ ಕಿರುಬೆರಳಿನಷ್ಟು ಎರಡು ಶೀಶೆ ಎತ್ತಿ, ಬೆಚ್ಚಗಿನ ನೀರಿನಲ್ಲಿಟ್ಟರು. ಎರಡರ ಮೇಲೂ ಕಸ್ತೂರಿಯ ಹೆಸರು.

ಕಸ್ತೂರಿಗೆ ಮಂಪರು ಕೊಟ್ಟಾಗಿತ್ತು. ಆಶಾರಾಣಿ ಮುಂದೆ ಬಂದಳು. “ಡಾಕ್ಟ್ರೇ, ಚುಚ್ಚೋಕೆ ಮುಂಚೆ ಒಂದು ಮಾತು. ಬೇಜಾರಾಗ್ಬೇಡಿ. ಮಜ್ಜೆ ತೆಗೆದ ಮಾರನೇ ದಿನ ನಾನು ಎದೆ ನೋಡಿದೆ. ಬೋಳಿಸಿತ್ತು, ಸರಿ. ಸೂಜಿಯ ತೂತು ಇರಲಿಲ್ಲ.”

ರವಿಚಂದ್ರ ಮೊದಲು ಹರ್ಷಿತಳ ಮುಖ ನೋಡಿದರು. ಆ ನೋಟದಲ್ಲಿ ಪ್ರಶ್ನೆ ಇತ್ತು. “ನೀವೇ ತೆಗೆದ್ರಾ? ಎದೆಮೂಳೆಯಿಂದಾನೇ?”

“ನಾನೇ ತೆಗೆದೆ ಸಾರ್.” ಅವಳ ಕಿವಿ ಕೆಂಪಾಯಿತು. “ಎರಡು ಕಡೆಯಿಂದ ತೆಗೆದೆ. ಬೀರಪ್ಪೋರೇ ಹಿಡ್ಕೊಂಡಿದ್ರು. ಅವರನ್ನ ಕೇಳಿ.”

ಮೂವರೂ ಬೀರಪ್ಪನ ಕಡೆ ತಿರುಗಿದರು.

“ತೆಗೆದ್ರು” ಅಂದ ಬೀರಪ್ಪ. “ನಾನು ನೋಡ್ದೆ.”

ಅಷ್ಟಕ್ಕೇ ಮುಗಿಯಿತು. ಆಶಾರಾಣಿ ಪೂರ್ತಿ ನಂಬದಿದ್ದರೂ ಒಪ್ಪಿ ಹಿಂದೆ ಸರಿದಳು. ಹರ್ಷಿತ ಉಸಿರು ಬಿಟ್ಟು, ಬೀರಪ್ಪನ ಕಡೆ ನೋಡಿ ಸಣ್ಣಗೆ ತಲೆ ಬಾಗಿಸಿದಳು. ಉಪಕಾರ ಮಾಡಿದವನಿಗೆ ಬಾಗಿಸುವ ಹಾಗೆ. ಡಾಕ್ಟರು ಕಾಲನ್ನು ಮೂರು ಸಲ ಔಷಧಿ ನೀರಿನಲ್ಲಿ ತೊಳೆದು, ಪರದೆಯ ಮೇಲೆ ಆ ಕರಿ ತೂತನ್ನು ಹುಡುಕಿ ಹಿಡಿದರು. ಶೀಶೆಯಲ್ಲಿದ್ದದ್ದು ಸಿರಿಂಜಿಗೆ ಏರಿತು. ಅಕ್ಕಿ ತೊಳೆದ ನೀರಿನ ಬಣ್ಣ.

ಬೀರಪ್ಪ ಕಸ್ತೂರಿಯ ತಲೆಯನ್ನು ತನ್ನ ಎದೆಗೆ ಆನಿಸಿಕೊಂಡಿದ್ದ. ತಾನೇ ಕಬ್ಬಿಣ ಸೋಕಿಸಿದ ಮೇಲೆ ಕಾಲಿಗೆ ಇಳಿಯುವ ಸೂಜಿಯನ್ನು ತಡೆಯುವ ಮುಖ ಅವನಿಗೆ ಉಳಿದಿರಲಿಲ್ಲ. ಅವಳ ಬಿಸಿ ಉಸಿರು ಅಂಗಿಯೊಳಗೆ ತಾಗುತ್ತಿತ್ತು. ಶೀಶೆಯಲ್ಲಿ ನೀರೇ ಇದ್ದರೆ ಚಿಂತೆಯಿಲ್ಲ ಅಂತ ಅವನು ಮೂರು ವಾರ ತನ್ನನ್ನು ತಾನು ಸಮಾಧಾನ ಮಾಡಿಕೊಂಡಿದ್ದ. ಡಾಕ್ಟರು ಮೋಸಗಾರನಾದರೆ ತಾನು ಮಾಡಿದ್ದರಿಂದ ಯಾರಿಗೂ ಏನೂ ಆಗುವುದಿಲ್ಲ. ಡಾಕ್ಟರು ಸತ್ಯವಂತನಾದರೆ?

“ಹೆದರ್ಕೋಬೇಡಿ ಬೀರಪ್ಪ” ಅಂದರು ರವಿಚಂದ್ರ, ಸೂಜಿಯನ್ನು ಚರ್ಮದ ಹತ್ತಿರಕ್ಕೆ ತರುತ್ತಾ. “ಇದು ಹೊರಗಿನ ವಸ್ತು ಅಲ್ಲ. ಇವಳದ್ದೇ. ಅದಕ್ಕೇ ಮೈ ಒಪ್ಪಿಕೊಳ್ಳುತ್ತೆ.”

“ಇವಳದ್ದಲ್ಲ ಸಾರ್.”

ಸೂಜಿ ನಿಂತಿತು.

“ಏನಂದ್ರಿ?”

“ಇವಳದ್ದಲ್ಲ. ಮಲ್ಲಿಗೇದು. ಆವತ್ತು ನಾನು ಮಲ್ಲಿಗೇನ ತಂದು ನಿಲ್ಲಿಸ್ದೆ. ಈ ಅವ್ವ ಸರಿಯಾಗೇ ತೆಗೆದ್ರು. ಆಮೇಲೆ ಇವಳಿಗೆ ನಾನೇ ಬೋಳಿಸ್ದೆ, ಗೊತ್ತಾಗ್ಬಾರ್ದು ಅಂತ.”

ಡಾಕ್ಟರು ಎದ್ದು ನಿಂತು ಸಿರಿಂಜನ್ನು ತಟ್ಟೆಯ ಮೇಲಿಟ್ಟರು. ಪಕ್ಕದ ಅಂಕಣದಲ್ಲಿ ಮಲ್ಲಿಗೆ ಹುಲ್ಲು ಅಗಿಯುವ ಸದ್ದು ಕೇಳುತ್ತಿತ್ತು. ಆಶಾರಾಣಿ ಅಲ್ಲಿಗೆ ಹೋಗಿ, ಅರ್ಧ ಬೆಳೆದ ಕೂದಲನ್ನು ಸರಿಸಿ, ಬೆರಳ ತುದಿಯಿಂದ ಹುಡುಕಿದಳು. ಸಾಸಿವೆಯಷ್ಟು ಗಂಟು ಎರಡು ಕಡೆ ಸಿಕ್ಕಿತು. ವಾಪಸು ಬಂದಾಗ ಅವಳ ದನಿ ಬದಲಾಗಿತ್ತು.

“ಯಾಕೆ?”

ಬೀರಪ್ಪ ಹೇಳಿದ. ಭಂಡಾರ ಒತ್ತಿದ್ದು, ಮೀಸಲು ಬಿಟ್ಟದ್ದು, ಕಬ್ಬಿಣದ ಭಯ. ಹೇಳುತ್ತಾ ಹೋದ ಹಾಗೆ ಅದು ಬೇರೆ ಯಾರೋ ಮಾಡಿದ ಕೆಲಸದ ಹಾಗೆ ಕೇಳಿಸಿತು.

“ಕಬ್ಬಿಣ ಸೋಕಬಾರದು ಅಂದ್ಯಲ್ಲ. ಬೋಳಿಸಿದ್ದು ಯಾವುದರಲ್ಲಿ?”

ಬೀರಪ್ಪ ಜೀನಿನ ಕೋಣೆಯ ಕಡೆ ಕೈ ತೋರಿಸಿದ.

“ನಾನು ಮೂರು ವಾರ ಈ ಹುಡುಗಿನ ಕಳ್ಳಿ ಅಂದ್ಕೊಂಡಿದ್ದೆ” ಅಂದಳು ಆಶಾರಾಣಿ. “ನೀನು ಪಕ್ಕದಲ್ಲೇ ನಿಂತು ಕೇಳ್ತಾ ಇದ್ದೆ.”

ಹರ್ಷಿತ ಕೈಗವಸು ಕಳಚುತ್ತಿದ್ದಳು. “ನಾನೂ ಕಾಲು ಬಿಚ್ಚಿ ನೋಡ್ಬೇಕಿತ್ತು. ಅದು ನನ್ನ ತಪ್ಪು” ಅಂದಳು. ಕೈಗವಸನ್ನು ಡಬ್ಬಿಗೆ ಹಾಕಿ, “ನಿಮ್ಮ ಮಾತು ನಂಬಿದೆ ಬೀರಪ್ಪೋರೇ” ಅಂದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ರವಿಚಂದ್ರ ಆ ಶೀಶೆಗಳನ್ನೇ ನೋಡುತ್ತಿದ್ದರು. “ಬೇರೆ ಕುದುರೆಯದನ್ನ ಹಾಕೋರೂ ಇದ್ದಾರೆ. ಎಷ್ಟೋ ಸಲ ಏನೂ ಆಗಲ್ಲ. ಕೆಲವು ಸಲ ಮೈ ಅದನ್ನ ಹೊರಗಿಂದು ಅಂತ ಕಂಡುಹಿಡಿದು ಕಾಲು ಕೆಂಡದ ಹಾಗೆ ಊದ್ಕೊಳ್ಳುತ್ತೆ. ಮೊದಲೇ ತಿಳಿದು ಹಾಕೋದು ಬೇರೆ. ಇವಳದ್ದು ಅಂತ ಬರೆದು ಇನ್ನೊಬ್ಬಳದ್ದು ಹಾಕೋದು ನನ್ನ ಕೈಲಾಗಲ್ಲ.” ಶೀಶೆಗಳೂ ಸಿರಿಂಜೂ ಕಸದ ಡಬ್ಬಿಗೆ ಬಿದ್ದವು. “ಕರಗಿಸಿದ್ದನ್ನ ಮತ್ತೆ ಇಡೋಕಾಗಲ್ಲ. ಹೊಸದಾಗಿ ತೆಗೀಬೇಕು, ಮತ್ತೆ ಮೂರು ವಾರ. ಅಷ್ಟರಲ್ಲಿ ಒಳಗೆ ಕಲೆ ಕಟ್ಟೋಕೆ ಶುರುವಾಗಿರುತ್ತೆ. ಇವತ್ತು ಹಾಕಿದ್ರೆ ಆಗ್ತಿದ್ದಷ್ಟು ಪ್ರಯೋಜನ ಆಗದೇ ಇರಬಹುದು.”

ಆಶಾರಾಣಿ ಕಸ್ತೂರಿಯ ಕಡೆ ನೋಡಿದಳು. ಮಂಪರಿನಲ್ಲಿ ಅವಳ ಕೆಳದುಟಿ ಜೋತುಬಿದ್ದಿತ್ತು. “ಮಂಪರು ಇನ್ನೂ ಇದೆಯಲ್ಲ. ಈಗಲೇ ತೆಗೀರಿ” ಅಂದಳು. ಆಮೇಲೆ ಬೀರಪ್ಪನ ಕಡೆ ತಿರುಗಿದಳು. ಅವಳೂ ಆ ಸೀಮೆಯ ಮಣ್ಣಿನಲ್ಲೇ ಹುಟ್ಟಿದವಳು. “ಹೋಗಿ ನಿನ್ನ ದೇವರ ಹತ್ರ ಮಾತು ಮುಗಿಸ್ಕೋ. ಐದು ನಿಮಿಷ. ಅರ್ಧಂಬರ್ಧ ಮನಸ್ಸಲ್ಲಿ ನೀನು ಅವಳ ತಲೆ ಹಿಡ್ಕೊಳ್ಳೋದು ನನಗೆ ಬೇಡ.”

ಬೀರಪ್ಪ ಎಲ್ಲಿಗೂ ಹೋಗಲಿಲ್ಲ. ಅಲ್ಲೇ ಕಣ್ಣು ಮುಚ್ಚಿದ. ‘ನಂದಲ್ಲದ್ದನ್ನ ನಿನಗೆ ಕೊಟ್ಟೆ ಸ್ವಾಮಿ. ಕೊಟ್ಟವನೂ ನಾನೇ, ಕೆಡಿಸಿದವನೂ ನಾನೇ. ಅವಳನ್ನ ವಾಪಸು ಬಿಡು. ನಂದು ಅಂತ ಇರೋದು ಈ ತಲೆ ಒಂದೇ. ಇದರ ಕೂದಲಿಗೆ ಒಂದು ವರ್ಷ ಕತ್ತರಿ ಹಾಕಲ್ಲ. ಅವಳ ಕಾಲು ನಿಂತ್ರೂ ಅಷ್ಟೇ, ನಿಲ್ಲದೇ ಇದ್ರೂ ಅಷ್ಟೇ.’ ದೇವರ ಜೊತೆ ಷರತ್ತಿಲ್ಲದೆ ಮಾತಾಡಿದ್ದು ಅವನಿಗೆ ಅದೇ ಮೊದಲು. ಏನೂ ಉತ್ತರ ಬಂದ ಹಾಗೆ ಅನ್ನಿಸಲಿಲ್ಲ. ಕಣ್ಣು ಬಿಟ್ಟು, ಕಸ್ತೂರಿಯ ತಲೆಯನ್ನು ಎರಡು ಕೈಯಲ್ಲೂ ತಬ್ಬಿ ಹಿಡಿದ.

ಹರ್ಷಿತ ಸೂಜಿ ಇಳಿಸಿದಳು. ಇಳಿಸುವ ಮುಂಚೆ ಕಾಲಿನ ಪಟ್ಟಿ ಬಿಚ್ಚಿ ನೋಡಿದಳು, ಕತ್ತಿನ ಸುಳಿ ಯಾವ ಕಡೆ ಅಂತ ಬೀರಪ್ಪನನ್ನೇ ಕೇಳಿ, ಆಶಾರಾಣಿಯಿಂದ ಹೌದು ಅನ್ನಿಸಿ, ಪುಸ್ತಕದಲ್ಲಿ ಬರೆದುಕೊಂಡಳು. ಸೂಜಿ ಹೊರಗೆ ಬಂದಾಗ ಒಂದು ಹನಿ ರಕ್ತ ನೆಲಕ್ಕೆ ಬಿತ್ತು. ಬೀರಪ್ಪ ಅದನ್ನು ನೋಡಿದ. ಮಣ್ಣು ಅದನ್ನು ಹೀರಿತು.

ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದ. ಮುನಿರತ್ನಮ್ಮ ಪೂರ್ತಿ ಕೇಳಿದಳು. “ಕೆಲ್ಸ?” ಅಂದಳು ಕೊನೆಗೆ.

“ಬಿಡ್ಸಿಲ್ಲ. ಲಾಯದ ಬೀಗದಕೈ ಇಸ್ಕೊಂಡ್ರು.”

“ಇಸ್ಕೊಳ್ದೆ ಏನ್ ಮಾಡ್ತಾರೆ” ಅಂದು ಅವಳು ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಅವತ್ತು ಅವನು ಪೂರ್ತಿ ಉಂಡ.

ಎರಡನೆಯ ಪಾತ್ರೆ ಮುಂಗಾರಿನ ಮೊದಲ ಮಳೆಯ ಹೊತ್ತಿಗೆ ಬಂತು. ಕಸ್ತೂರಿಯ ಕಾಲಿಗೆ ಕಸ್ತೂರಿಯದ್ದೇ ಹೋಯಿತು. ಆಮೇಲಿನದು ನಡಿಗೆ. ಹಗ್ಗ ಹಿಡಿದು ಮಟ್ಟಸವಾದ ನೆಲದ ಮೇಲೆ ನಡೆಸಬೇಕು: ಮೊದಲು ದಿನಕ್ಕೆ ಹತ್ತು ನಿಮಿಷ, ಪ್ರತಿ ವಾರ ಸ್ವಲ್ಪ ಸ್ವಲ್ಪವಾಗಿ ಹೆಚ್ಚು. ಒಂದು ವರ್ಷದವರೆಗೆ ಓಟವಿಲ್ಲ. ನಡೆಸುವ ಕೆಲಸ ಬೀರಪ್ಪನದೇ. ಕಸ್ತೂರಿ ಬೇರೆಯವರ ಕೈಯಲ್ಲಿ ಎಳೆದಾಡುತ್ತಾಳೆ, ಎಳೆದಾಡಿದರೆ ಕಾಲು ಹೋಗುತ್ತದೆ ಅಂತ ಡಾಕ್ಟರೇ ಹೇಳಿದ್ದರು. ಆದರೆ ಆಶಾರಾಣಿ ಒಂದು ದಿನವೂ ಅವನೊಬ್ಬನನ್ನೇ ಬಿಡಲಿಲ್ಲ. ಬೆಳಿಗ್ಗೆ ತಾನೇ ಬೀಗ ತೆಗೆದು, ಬೇಲಿಯ ಪಕ್ಕ ಕುರ್ಚಿ ಹಾಕಿಕೊಂಡು, ಫೋನಿನಲ್ಲಿ ಗಡಿಯಾರ ಇಟ್ಟುಕೊಂಡು ಕೂರುತ್ತಿದ್ದಳು. ಮಾತು ಬೇಕಾದಷ್ಟೇ. ‘ಬೀರಪ್ಪಣ್ಣ’ ಅನ್ನುವುದರಲ್ಲಿ ‘ಅಣ್ಣ’ ಬಿಟ್ಟುಹೋಗಿತ್ತು.

ಭಾದ್ರಪದದಲ್ಲಿ ರವಿಚಂದ್ರ ಬಂದು ಮತ್ತೆ ಸ್ಕ್ಯಾನು ಮಾಡಿದರು. ತೂತಿನ ಅಂಚುಗಳೆಲ್ಲ ಬೂದಾಗಿದ್ದವು, ನಡುವೆ ಮಾತ್ರ ಎಳ್ಳಿನಷ್ಟು ಕಪ್ಪು ಉಳಿದಿತ್ತು. “ಚೆನ್ನಾಗಿ ಕೂಡ್ತಿದೆ” ಅಂದರು. ಆ ಕಪ್ಪಿನ ಮೇಲೆ ಬೆರಳಿಟ್ಟು ತೋರಿಸಿದರು. ಆ ಎಳ್ಳಿನಷ್ಟು ಜಾಗ ಯಾವ ಮೂರು ವಾರದ್ದು ಅಂತ ಬೀರಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ. “ಅಡ್ಡಗಂಬ ಹಾರೋದು ಇನ್ನು ಬೇಡ. ವರ್ಷ ತುಂಬಿದ ಮೇಲೆ ಕಲಿಯೋರನ್ನ ಕೂರಿಸ್ಕೊಂಡು ನಡೀಬಹುದು, ಸಣ್ಣಗೆ ಓಡಬಹುದು. ಕುಂಟಲ್ಲ” ಅಂದರು ಡಾಕ್ಟರು. ಅವಳು ಇಲ್ಲಿಯೇ ಇರುತ್ತಾಳೆ ಅಂತ ಆಶಾರಾಣಿ ಹೇಳಿದಳು. ಬೀರಪ್ಪನ ಕಡೆ ನೋಡದೆ, ಡಾಕ್ಟರಿಗೆ ಹೇಳಿದಳು.

ಮಾರನೆಯ ಬೆಳಿಗ್ಗೆ ಎಂದಿನಂತೆ ನಡಿಗೆ. ಆ ವಾರದ ಲೆಕ್ಕ ನಲವತ್ತು ನಿಮಿಷ. ನೆಲ ಮಳೆಗೆ ಹದವಾಗಿತ್ತು. ಕಸ್ತೂರಿಯ ಗೊರಸಿನ ನಾಲ್ಕು ಸದ್ದೂ ಒಂದೇ ತೂಕದಲ್ಲಿ ಬೀಳುತ್ತಿದ್ದವು. ಬೀರಪ್ಪ ಅವನ್ನೇ ಕೇಳಿಸಿಕೊಳ್ಳುತ್ತಾ ನಡೆದ. ಹೆಚ್ಚಾದೀತು ಎಂಬ ಅಂಜಿಕೆಯಿಂದ ಅವನು ಬೇಲಿಯ ತಿರುವಿನಲ್ಲಿ ನಿಂತು, ಅವಳ ಮುಖವನ್ನು ಲಾಯದ ಕಡೆ ತಿರುಗಿಸಿದ.

“ಇನ್ನೂ ಎರಡು ನಿಮಿಷ ಇದೆ” ಅಂದಳು ಆಶಾರಾಣಿ ಕುರ್ಚಿಯಿಂದ, ಫೋನಿನಿಂದ ಕಣ್ಣು ತೆಗೆಯದೆ. “ಕಡಿಮೆ ಮಾಡ್ಬೇಡ. ಹೇಳಿದಷ್ಟು ನಡೆಸು.”

“ಆಯ್ತು ಅಮ್ಮಾವ್ರೆ” ಅಂದು ಅವನು ಕಸ್ತೂರಿಯನ್ನು ಮತ್ತೆ ಬಯಲಿಗೆ ತಿರುಗಿಸಿದ.